ಮೊಟ್ಟೆಕೋಳಿಗೆ ಸುಣ್ಣದ ಅಂಶ: ಎಷ್ಟು ಎಂಬುದರ ಜೊತೆಗೆ ಯಾವಾಗ ಎಂಬುದೂ ಮುಖ್ಯ

"ಆಹಾರಕ್ಕೆ ಸುಣ್ಣಕಲ್ಲಿನ ಪುಡಿ ಬೇಕಾದಷ್ಟು ಹಾಕಿದ್ದೇವೆ. ಆದರೂ ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಟ್ರೇಯಲ್ಲಿ ಜೋಡಿಸುವಾಗಲೇ ಬಿರುಕು ಬಿಡುತ್ತದೆ." ಮೊಟ್ಟೆಕೋಳಿ ಸಾಕುವ ರೈತರಿಂದ ಪದೇ ಪದೇ ಕೇಳಿಬರುವ ದೂರು ಇದು. ಇಂಥ ಸಂದರ್ಭದಲ್ಲಿ ಹೆಚ್ಚಿನವರು ಪುಡಿಯನ್ನು ಇನ್ನೂ ಒಂದೆರಡು ಕಿಲೋ ಏರಿಸುತ್ತಾರೆ. ಕೋಳಿಗೆ ಆಹಾರ ರುಚಿಸದೆ ಪುಡಿ ತಟ್ಟೆಯ ತಳದಲ್ಲೇ ಉಳಿಯುತ್ತದೆ, ಬಿರುಕು ಮಾತ್ರ ನಿಲ್ಲುವುದಿಲ್ಲ. ಇಲ್ಲಿ ತಪ್ಪು ಇರುವುದು ಬಹುಪಾಲು ಪ್ರಮಾಣದಲ್ಲಲ್ಲ, ಪುಡಿಯ ನಯದಲ್ಲಿ ಮತ್ತು ಅದನ್ನು ಕೊಡುವ ಹೊತ್ತಿನಲ್ಲಿ.

ಮೊದಲು ಲೆಕ್ಕ ನೋಡೋಣ. ಒಂದು ಮೊಟ್ಟೆಯ ಚಿಪ್ಪು 5 ರಿಂದ 6 ಗ್ರಾಂ ತೂಗುತ್ತದೆ. ಅದರಲ್ಲಿ 2 ಗ್ರಾಂಗಿಂತ ತುಸು ಹೆಚ್ಚು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇರುತ್ತದೆ. ತಿಂದುದರಲ್ಲಿ ಸುಮಾರು ಅರ್ಧದಷ್ಟು ಮಾತ್ರ ಮೈಗೆ ಹತ್ತುವುದರಿಂದ ದಿನಕ್ಕೊಂದು ಮೊಟ್ಟೆ ಇಡುವ ಕೋಳಿಗೆ ದಿನವೂ 4 ಗ್ರಾಂನಷ್ಟು ಬೇಕು. ವರ್ಷಕ್ಕೆ 300 ಮೊಟ್ಟೆ ಇಡುವ ಕೋಳಿ 600 ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಹೊರಹಾಕುತ್ತದೆ. ಅದರ ಇಡೀ ಮೈಯಲ್ಲಿರುವುದಾದರೋ ಸುಮಾರು 20 ಗ್ರಾಂ!

ಇನ್ನು ಹೊತ್ತಿನ ವಿಚಾರ. ಕೋಳಿ ಸಾಮಾನ್ಯವಾಗಿ ಬೆಳಿಗ್ಗೆ ಮೊಟ್ಟೆ ಇಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮುಂದಿನ ಮೊಟ್ಟೆಯ ಹಳದಿ ಬಿಡುಗಡೆಯಾಗಿ, ಬಿಳಿ ಭಾಗ ಕೂಡಿಕೊಂಡು, ನಾಲ್ಕೈದು ಗಂಟೆಗಳಲ್ಲಿ ಗರ್ಭಕೋಶ ಸೇರುತ್ತದೆ. ಅಲ್ಲಿ ಸುಮಾರು 20 ಗಂಟೆ ಉಳಿಯುತ್ತದೆ. ಚಿಪ್ಪು ಅತಿ ವೇಗವಾಗಿ ಕಟ್ಟುವುದು ಸಂಜೆಯಿಂದ ನಸುಕಿನವರೆಗೆ, ಅಂದರೆ ದೀಪ ಆರಿಸಿ ಕೋಳಿಗಳು ಮಲಗಿರುವಾಗ. ಬೆಳಿಗ್ಗೆ ತಿಂದ ನಯವಾದ ಪುಡಿ ಆ ಹೊತ್ತಿಗೆ ಕರುಳು ದಾಟಿ ಹೋಗಿರುತ್ತದೆ. ಆಗ ಕೋಳಿ ತನ್ನ ಮೂಳೆಯಿಂದಲೇ ಸುಣ್ಣ ಕಿತ್ತು ಚಿಪ್ಪಿಗೆ ಕೊಡುತ್ತದೆ. ಒಂದಿಷ್ಟು ಹೀಗೆ ಕೊಡುವುದು ಸಹಜವೇ, ಅದಕ್ಕೆಂದೇ ಮೂಳೆಯ ಒಳಗೆ ದಾಸ್ತಾನೂ ಇರುತ್ತದೆ. ಆದರೆ ದಿನವೂ ತೆಗೆದು ತುಂಬದೇ ಹೋದರೆ ಮೂಳೆ ಟೊಳ್ಳಾಗುತ್ತದೆ. ಪಂಜರದಲ್ಲಿ ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ಕೋಳಿಯೇ ಒಂದು ದಿನ ಕಾಲು ಸೋತು ಏಳಲಾರದೆ ಬೀಳುತ್ತದೆ. ನೀರಿನ ನಿಪ್ಪಲ್ ತಲೆಯ ಮೇಲೇ ಇದ್ದರೂ ಕುಡಿಯಲಾಗದೆ ಸಾಯುತ್ತದೆ. ಇದನ್ನು ರೋಗವೆಂದು ತಿಳಿದು ಔಷಧಿಗೆ ಹಣ ಸುರಿದವರುಂಟು.

ಪರಿಹಾರ ದುಬಾರಿಯದೇನಲ್ಲ. ಸುಣ್ಣದ ಪದಾರ್ಥದ ಅರ್ಧದಿಂದ ಮೂರನೇ ಎರಡು ಭಾಗವನ್ನು ನುಚ್ಚಿನ ರೂಪದಲ್ಲಿ ಕೊಡಿರಿ. ನುಚ್ಚು 2 ರಿಂದ 4 ಮಿಲಿಮೀಟರ್, ಅಂದರೆ ರಾಗಿ ಕಾಳಿಗಿಂತ ದಪ್ಪ, ಜೋಳದ ಕಾಳನ್ನು ಮೀರದಷ್ಟು ಇರಲಿ. ಇದು ಕಾಳು ಅರೆಯುವ ಗಟ್ಟಿ ಹೊಟ್ಟೆಯಲ್ಲಿ ನಿಂತು ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಕರಗುತ್ತದೆ. 100 ಕಿಲೋ ಆಹಾರಕ್ಕೆ ಪುಡಿ, ನುಚ್ಚು ಸೇರಿ 9 ರಿಂದ 10 ಕಿಲೋ ಸಾಕು. ನುಚ್ಚಿನ ಒಂದು ಪಾಲನ್ನು ಬೆರೆಸದೆ ತೆಗೆದಿಟ್ಟು, ಮಧ್ಯಾಹ್ನ 3 ಗಂಟೆಯ ನಂತರ ತಟ್ಟೆಯ ಆಹಾರದ ಮೇಲೆ ಉದುರಿಸಿರಿ. 1000 ಕೋಳಿಗೆ 3 ರಿಂದ 5 ಕಿಲೋ ಆದೀತು. ಆ ಹೊತ್ತಿಗೆ ಕೋಳಿಗಳು ತಾವಾಗಿಯೇ ಸುಣ್ಣವನ್ನು ಹುಡುಕಿ ತಿನ್ನುತ್ತವೆ. ವಯಸ್ಸಾದಂತೆ ಮೊಟ್ಟೆ ದೊಡ್ಡದಾಗುತ್ತದೆ, ಚಿಪ್ಪಿನ ತೂಕ ಅಷ್ಟಾಗಿ ಏರುವುದಿಲ್ಲ. ಹಳೆಯ ಹಿಂಡಿಗೆ ನುಚ್ಚಿನ ಪಾಲು ಹೆಚ್ಚಿರಬೇಕು.

ಯಾವ ಪದಾರ್ಥ ಒಳ್ಳೆಯದು? ಶುದ್ಧ ಸುಣ್ಣಕಲ್ಲು ಮತ್ತು ಕಪ್ಪೆಚಿಪ್ಪು ಎರಡರಲ್ಲೂ ಶೇಕಡಾ 38ರ ಆಸುಪಾಸಿನಲ್ಲಿ ಕ್ಯಾಲ್ಸಿಯಂ ಇರುತ್ತದೆ. ಆದ್ದರಿಂದ ಅಗ್ಗವಾಗಿ ದೊರೆಯುವುದನ್ನೇ ಕೊಳ್ಳಿರಿ. ಕಪ್ಪೆಚಿಪ್ಪಿನಲ್ಲಿ ಮರಳು ಬೆರೆತಿರದಂತೆ ನೋಡಿಕೊಳ್ಳಿರಿ. ಮೆಗ್ನೀಸಿಯಂ ಹೆಚ್ಚಿರುವ ಡೋಲೋಮೈಟ್ ಮಾತ್ರ ಬೇಡ. ಅದರಿಂದ ಕೋಳಿ ನೀರಾಗಿ ಹಿಕ್ಕೆ ಹಾಕುತ್ತದೆ, ಚಿಪ್ಪೂ ಕೆಡುತ್ತದೆ. ಸಂಶಯವಿದ್ದರೆ ಕಲ್ಲಿನ ಚೂರಿನ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಎಚ್ಚರಿಕೆಯಿಂದ ಎರಡು ಹನಿ ಬಿಡಿರಿ. ಸುಣ್ಣಕಲ್ಲು ಬುಸುಬುಸು ನೊರೆ ಉಕ್ಕಿಸುತ್ತದೆ, ಡೋಲೋಮೈಟ್ ಮಂದವಾಗಿ. ಡೈಕ್ಯಾಲ್ಸಿಯಂ ಫಾಸ್ಫೇಟ್ ಮುಖ್ಯವಾಗಿ ರಂಜಕಕ್ಕಾಗಿ ಹಾಕುವಂಥದು, ಸುಣ್ಣಕಲ್ಲಿಗೆ ಬದಲಿಯಲ್ಲ. ಎಲೆ ಅಡಿಕೆಗೆ ಬಳಸುವ ಸುಣ್ಣ ಬಾಯಿ, ಅನ್ನನಾಳ ಸುಡುವುದರಿಂದ ಅದನ್ನು ಕೋಳಿಗೆ ತಿನ್ನಿಸಬಾರದು. ಡಿ3 ಜೀವಸತ್ವವಿಲ್ಲದಿದ್ದರೆ ಎಷ್ಟು ಸುಣ್ಣ ಕೊಟ್ಟರೂ ಮೈಗೆ ಹತ್ತದು.

ಒಂದು ಎಚ್ಚರಿಕೆ. ಬೆಳೆಯುವ ಮರಿಗಳಿಗೆ ಮೊಟ್ಟೆಕೋಳಿಯ ಆಹಾರ ಹಾಕಬೇಡಿರಿ. ಅವಕ್ಕೆ ಶೇಕಡಾ 1ರಷ್ಟು ಕ್ಯಾಲ್ಸಿಯಂ ಸಾಕು. ಹೆಚ್ಚಾದುದು ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಮೊಟ್ಟೆ ಶುರುವಾಗಲು ಎರಡು ವಾರ ಮುಂಚೆ ಶೇಕಡಾ 2 ರಿಂದ 2.5ಕ್ಕೆ, ಮೊದಲ ಮೊಟ್ಟೆಗಳು ಕಂಡ ಮೇಲೆ ಪೂರ್ಣ ಪ್ರಮಾಣಕ್ಕೆ ಏರಿಸಿರಿ.

ಬಳ್ಳಾರಿ, ದಾವಣಗೆರೆ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಚಿಪ್ಪು ತೆಳುವಾಗುವುದಕ್ಕೆ ಕಾರಣ ಎರಡು. ಸೆಕೆಗೆ ಕೋಳಿ ತಿನ್ನುವುದೇ ಕಡಿಮೆ. ಮೇಲಾಗಿ ಬಾಯಿ ತೆರೆದು ಏದುವಾಗ ರಕ್ತದ ಇಂಗಾಲಾಮ್ಲ ಹೊರಹೋಗಿ ಚಿಪ್ಪಿಗೆ ಬೇಕಾದ ಕಾರ್ಬೋನೇಟ್ ಸಾಲದಾಗುತ್ತದೆ. ತಂಪು ನೀರು ಕೊಡಿರಿ. ಆಹಾರವನ್ನು ನಸುಕಿನಲ್ಲಿ ಮತ್ತು ಸಂಜೆ ಹಾಕಿರಿ.

ಹಿತ್ತಲಿನಲ್ಲಿ ನಾಲ್ಕಾರು ಗಿರಿರಾಜ ಅಥವಾ ನಾಟಿ ಕೋಳಿ ಸಾಕುವವರು ಅಂಗಡಿಗೆ ಹೋಗಬೇಕಾಗಿಲ್ಲ. ಅಡಿಗೆಮನೆಯ ಮೊಟ್ಟೆ ಚಿಪ್ಪುಗಳನ್ನು ಕುದಿಸಿ, ಒಣಗಿಸಿ, ಗುರುತು ಸಿಗದಂತೆ ಕುಟ್ಟಿ ಒಂದು ಕರಟದಲ್ಲಿ ಬೇರೆಯಾಗಿ ಇಡಲಿ. ಇಡಿಯಾಗಿ ಎಸೆದರೆ ಕೋಳಿ ತನ್ನ ಮೊಟ್ಟೆಯನ್ನೇ ಕುಕ್ಕಿ ತಿನ್ನುವ ಚಟಕ್ಕೆ ಬಿದ್ದೀತು.

ಇಷ್ಟೆಲ್ಲ ಸರಿಯಿದ್ದೂ ಇಡೀ ಹಿಂಡಿನ ಚಿಪ್ಪು ಒಮ್ಮೆಲೇ ಕೆಟ್ಟು ಮೊಟ್ಟೆಯ ಸಂಖ್ಯೆಯೂ ಇಳಿದರೆ ಅದು ಸುಣ್ಣದ ಕೊರತೆಯಾಗಿರಲಾರದು. ಕೊಕ್ಕರೆ ರೋಗದಂಥ ಸೋಂಕಿನಲ್ಲಿಯೂ ಹೀಗಾಗುವುದರಿಂದ ಎರಡು ಮೂರು ಕೋಳಿಗಳನ್ನು ಹತ್ತಿರದ ಪಶುವೈದ್ಯರಿಗೆ ಅಂದೇ ತೋರಿಸಿರಿ.