ಕೆಲಸ ಕಲಿಸಿದ ವಿದ್ಯೆಗೆ ಬೆಲೆಯುಂಟೆ?

ಪಾಠಶಾಲೆಯ ಗೋಡೆಗಳೊಳಗೆ ಕಲಿತುದು ಮಾತ್ರವೇ ವಿದ್ಯೆ. ಕೈಯಿಂದ ಮಾಡಿ, ಕಣ್ಣಿಂದ ಕಂಡು, ಹಿರಿಯರ ಬಳಿ ನಿಂತು ಕಲಿತುದು ವಿದ್ಯೆಯಲ್ಲವೆಂಬ ಭಾವನೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಕಚೇರಿಯ ಮೇಜಿನ ಮುಂದೆ ನಿಂತಾಗ ಆ ಒಕ್ಕಾಲಿಗೇ ಪೂರ್ಣ ಬೆಲೆ, ಮುಕ್ಕಾಲಿಗೆ ಶೂನ್ಯ. ಈ ಲೆಕ್ಕವನ್ನು ತಿದ್ದುವುದಕ್ಕೆ ಬೇಕಾದ ಕಟ್ಟಳೆಗಳು ಈಗಾಗಲೇ ಸಿದ್ಧವಾಗಿರುವುವೆಂಬುದನ್ನೂ, ಅವುಗಳನ್ನು ಕೊಡಗಿನಲ್ಲಿ ನಡೆಯಿಸುವವರು ಮಾತ್ರ ಬೇಕಾಗಿರುವರೆಂಬುದನ್ನೂ ನಮ್ಮ ಅಧಿಕಾರಿಗಳ ಮತ್ತು ಪುರಜನರ ಗಮನಕ್ಕೆ ತರಲಪೇಕ್ಷಿಸುತ್ತೇವೆ.

ಕೊಡಗು ಸೈನಿಕರ ನಾಡು. ಫೀಲ್ಡ್ ಮಾರ್ಷಲ್ ಕಾರಿಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ದೇಶಕ್ಕಿತ್ತ ನಾಡಿಗೆ ಸೈನ್ಯದ ಉದಾಹರಣೆಯನ್ನೇ ಮೊದಲು ಹೇಳುವುದು ಯುಕ್ತವಾಗಿದೆ. ಮೆಟ್ರಿಕ್ಯುಲೇಷನ್ ಮುಗಿಸಿ 15 ವರ್ಷಗಳಿಗೆ ಕಡಮೆಯಿಲ್ಲದೆ ಸೇವೆ ಸಲ್ಲಿಸಿದ ಮಾಜಿ ಸೈನಿಕನನ್ನು, ಪದವೀಧರರಿಗೆಂದು ಇಟ್ಟಿರುವ, ತಾಂತ್ರಿಕಾನುಭವ ಬೇಡದ ‘ಸಿ’ ವರ್ಗದ ಹುದ್ದೆಗಳಿಗೆ ಅರ್ಹನೆಂದು ಎಣಿಸಬೇಕೆಂಬ ನಿಯಮವನ್ನು ಕೇಂದ್ರ ಸರಕಾರವು 1986ರಲ್ಲಿಯೇ ಮಾಡಿತು. ಅದರಿಂದ ಕಚೇರಿಯ ಬಾಗಿಲು ತೆರೆಯಿತೇ ಹೊರತು ವಿದ್ಯಾಲಯದ ಬಾಗಿಲು ತೆರೆಯಲಿಲ್ಲ. 2022ರಲ್ಲಿ ಅಗ್ನಿಪಥ ಯೋಜನೆಯು ಪ್ರಕಟವಾದಾಗ ಆ ಬಾಗಿಲೂ ಅರ್ಧ ತೆರೆಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಅಗ್ನಿವೀರರಿಗಾಗಿ ಏರ್ಪಡಿಸಿದ ಮೂರು ವರ್ಷಗಳ ಪದವಿಯಲ್ಲಿ, ಅರ್ಧದಷ್ಟು ಕ್ರೆಡಿಟ್ಟುಗಳು ಅವರು ಸೇವೆಯಲ್ಲಿರುವಾಗ ಪಡೆದ ತರಬೇತಿಯಿಂದಲೇ ಸಲ್ಲುವುವು. ಕ್ರೆಡಿಟ್ ಎಂದರೆ ಕಲಿಕೆಯ ಜಮೆ. ಹೀಗೆ, ಕೆಲಸವೂ ಕಲಿಕೆಯೇ ಎಂಬುದನ್ನು ಸರಕಾರವೇ ಒಪ್ಪಿದಂತಾಯಿತು.

ಬಂದೂಕು ಹಿಡಿದವನ ವಿಷಯದಲ್ಲಿ ಒಪ್ಪಿದ ನ್ಯಾಯವು ಅಂಕುಶ ಹಿಡಿದವನ ವಿಷಯದಲ್ಲಿಯೂ, ಕಪಾತಿನ ಕತ್ತಿ ಹಿಡಿದವನ ವಿಷಯದಲ್ಲಿಯೂ ಏಕೆ ಸಲ್ಲಬಾರದು?

ದುಬಾರೆ, ಮತ್ತಿಗೋಡು ಶಿಬಿರಗಳ ಮಾವುತರನ್ನೂ ಕಾವಾಡಿಗಳನ್ನೂ ನೋಡಿರಿ. ಇವರಲ್ಲಿ ಅನೇಕರು ಜೇನುಕುರುಬರು. ಮೈಸೂರಿನ ದಸರೆಗೆ ಆನೆಗಳನ್ನು ಕರೆತಂದು, ಲಕ್ಷಾಂತರ ಜನರ ಗದ್ದಲದ ನಡುವೆ ಅವುಗಳನ್ನು ಶಾಂತವಾಗಿ ನಡೆಯಿಸುವವರು ಇವರು. ಆನೆಗೆ ಮದವೇರುವ ಸೂಚನೆಯನ್ನು ಅರಿಯುವುದು, ಪಾದದ ಗಾಯವನ್ನು ಕಂಡು ಆರೈಕೆ ಮಾಡುವುದು, ಕಾಡಾನೆಯನ್ನು ಹಿಡಿಯುವಾಗ ಪ್ರಾಣವನ್ನೊಡ್ಡಿ ನಿಲ್ಲುವುದು, ಇವೆಲ್ಲ ಪುಸ್ತಕದಿಂದ ಬಂದ ವಿದ್ಯೆಯಲ್ಲ. 2025ರ ಮೇ ತಿಂಗಳಲ್ಲಿ ಕರ್ನಾಟಕವು ನಾಲ್ಕು ಕುಮ್ಕಿ ಆನೆಗಳನ್ನು ಆಂಧ್ರಪ್ರದೇಶಕ್ಕೆ ಒಪ್ಪಿಸಿದಾಗ, ಅವನ್ನು ನಡೆಸಲಿಕ್ಕೆ ಆಂಧ್ರದವರು ನಮ್ಮ ಶಿಬಿರಗಳಲ್ಲಿಯೇ ತರಬೇತಿ ಪಡೆದರು. ಅನ್ಯ ರಾಜ್ಯದವರಿಗೆ ಗುರುವಾಗತಕ್ಕವನು ಸ್ವಂತ ನಾಡಿನ ಕಾಗದಪತ್ರಗಳಲ್ಲಿ ಅವಿದ್ಯಾವಂತನೆನಿಸಿಕೊಳ್ಳುವನು! ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವುಂಟು. ದುಬಾರೆಯಿಂದ ಅದು ಬಹು ದೂರವಲ್ಲ; ಆದರೆ ಮಾವುತನಿಗೂ ಆ ವಿದ್ಯಾಲಯಕ್ಕೂ ನಡುವಣ ದೂರವನ್ನು ಮೈಲಿಗಳಲ್ಲಿ ಅಳೆಯತಕ್ಕುದಲ್ಲ.

ಕಾಫಿಯ ತೋಟದಲ್ಲಿಯೂ ಇದೇ ಸ್ಥಿತಿ. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕಾಫಿಗೆ ಮಾನ್ಯತೆ ಬಂದಿತು. ಅದನ್ನು ಬೆಳೆಯಿಸಿದ ಕೈಗಳಿಗೆ ಬರಲಿಲ್ಲ. ಗಿಡದ ಯಾವ ರೆಂಬೆಯನ್ನು ಉಳಿಸಬೇಕು, ನೆರಳಿನ ಮರವನ್ನು ಎಷ್ಟು ಕಪಾತು ಮಾಡಬೇಕು, ಕಾಂಡಕೊರಕ ಹೊಕ್ಕ ಗಿಡವನ್ನು ಹೇಗೆ ಗುರುತಿಸಬೇಕು, ಕಣದಲ್ಲಿ ಹರಡಿದ ಬೀಜ ಒಣಗಿತೋ ಇಲ್ಲವೋ ಎಂಬುದನ್ನು ಹೇಗೆ ತಿಳಿಯಬೇಕು ಎಂಬುದನ್ನು ಮೇಸ್ತ್ರಿಯೂ, ರೈಟರೂ, ಲೈನ್ ಮನೆಯಲ್ಲಿರುವ ಹೆಣ್ಣಾಳೂ ಬಲ್ಲರು. ಆದರೆ ಕಾಫಿ ಮಂಡಳಿಯು ನಡೆಸುವ ಕಾಫಿಯ ಗುಣಪರೀಕ್ಷೆಯ ಡಿಪ್ಲೊಮಾಕ್ಕೆ ವಿಜ್ಞಾನದ ಪದವಿ ಇರಬೇಕು. ಆ ನಿಯಮವು ತಪ್ಪೆಂದು ನಾವು ಹೇಳೆವು. ಓದಿ ಬಂದವನಿಗೆ ಒಂದು ಬಾಗಿಲಿರುವಂತೆ, ದುಡಿದು ಬಂದವನಿಗೂ ಒಂದು ಬಾಗಿಲಿರಲಿ ಎಂಬುದಷ್ಟೇ ನಮ್ಮ ಬಿನ್ನಹ.

ಇಂಥವರನ್ನು ಸರಕಾರವು ಗೌರವಿಸುತ್ತಿಲ್ಲವೇ ಎಂದು ಕೆಲವರು ಕೇಳಬಹುದು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಿನಗೂಲಿಗೆ ದುಡಿದು ಮರಗಿಡಗಳ ಜ್ಞಾನದಲ್ಲಿ ಅದ್ವಿತೀಯರೆನಿಸಿದವರು. ಅವರಿಗೆ 2020ರ ಪದ್ಮಶ್ರೀ ಪ್ರಶಸ್ತಿ ಸಂದಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ಸನ್ಮಾನವು ಉಚಿತವಾದುದೇ ಸರಿ. ಆದರೆ ಸನ್ಮಾನ ಬೇರೆ, ಮಾನ್ಯತೆ ಬೇರೆ. ಸನ್ಮಾನವು ಸಾವಿರದಲ್ಲಿ ಒಬ್ಬರಿಗೆ, ಅದೂ ಮುಪ್ಪಿನಲ್ಲಿ ದೊರೆಯುವಂಥದು. ಮಾನ್ಯತೆಯಾದರೋ ಅರ್ಹರೆಲ್ಲರಿಗೂ, ದುಡಿಯುವ ಪ್ರಾಯದಲ್ಲಿಯೇ, ಹಕ್ಕಿನಿಂದ ದೊರೆಯತಕ್ಕುದು.

ಈ ಹಕ್ಕಿಗೆ ಆಧಾರವುಂಟು. 1937ರಲ್ಲಿ ವರ್ಧಾದಲ್ಲಿ ಮಹಾತ್ಮರು ಕೈಕಸಬಿನ ಮೂಲಕ ವಿದ್ಯೆಯೆಂಬ ತತ್ತ್ವವನ್ನು ದೇಶದ ಮುಂದಿಟ್ಟರು. ಅದು ಬಹುಮಟ್ಟಿಗೆ ಮಾತಿನಲ್ಲಿಯೇ ಉಳಿಯಿತು. 2013ರಲ್ಲಿ ರಾಷ್ಟ್ರೀಯ ಕೌಶಲಾರ್ಹತೆಯ ಚೌಕಟ್ಟು ಪ್ರಕಟವಾಯಿತು. 2021ರಲ್ಲಿ ವಿದ್ಯಾರ್ಥಿಯ ಕ್ರೆಡಿಟ್ಟುಗಳನ್ನು ಕೂಡಿಡುವ ಶೈಕ್ಷಣಿಕ ಬ್ಯಾಂಕು ಏರ್ಪಟ್ಟಿತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್, ವರ್ಷದ 1200 ಗಂಟೆಗಳಿಗೆ 40. ಪರೀಕ್ಷಿಸಿ ಒಪ್ಪಿದ ಮೇಲೆ ಕೆಲಸದ ಅನುಭವಕ್ಕೂ ಇದರಲ್ಲಿ ಜಮೆಯುಂಟು. ಕೌಶಲ ಯೋಜನೆಗಳಲ್ಲಿ ಪೂರ್ವಕಲಿಕೆಯನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ಪದ್ಧತಿಯೂ ಬಂದಿದೆ. ಆದರೆ ಆ ಪತ್ರವನ್ನು ಹಿಡಿದು ಯಾವ ವಿದ್ಯಾಲಯಕ್ಕೆ ಹೋಗಬೇಕು, ಅಲ್ಲಿ ಅದನ್ನು ಒಪ್ಪುವವರು ಯಾರು ಎಂಬುದನ್ನು ಕೂಲಿಗಾರನಿಗೆ ತಿಳಿಯಹೇಳುವವರಿಲ್ಲ. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಪತ್ರದಿಂದೇನು ಫಲ?

ಹೀಗೆ ಮಾಡಿದರೆ ಪದವಿಯ ಮಟ್ಟ ಇಳಿಯುವುದೆಂಬ ಆಕ್ಷೇಪವು ನಿರ್ಲಕ್ಷ್ಯಕ್ಕೆ ಯೋಗ್ಯವಲ್ಲ. 2015ರಲ್ಲಿ ಅನುದಾನ ಆಯೋಗವು ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಹಿಂತೆಗೆದುಕೊಂಡು 2018ರಲ್ಲಿ ಮರಳಿ ಕೊಡುವವರೆಗೆ ವಿದ್ಯಾರ್ಥಿಗಳು ಪಟ್ಟ ಪಾಡು ಮರೆಯತಕ್ಕುದಲ್ಲ. ಪತ್ರದ ಬೆಲೆಯು ಅದನ್ನು ಕೊಟ್ಟವರ ಬೆಲೆಯಷ್ಟೇ. ಆದುದರಿಂದಲೇ ನಾವು ಕೇಳುವುದು ದಾನವನ್ನಲ್ಲ, ಪರೀಕ್ಷೆಯನ್ನು. ಫ್ರಾನ್ಸ್ ದೇಶದವರು 2002ರ ಕಾನೂನಿನಂತೆ, ಮೂರು ವರ್ಷ ದುಡಿದವನು ಪರೀಕ್ಷಕ ಮಂಡಳಿಯ ಮುಂದೆ ತನ್ನ ಜ್ಞಾನವನ್ನು ಸ್ಥಾಪಿಸಿ ಪೂರ್ಣ ಪದವಿಯನ್ನೇ ಪಡೆಯಬಹುದೆಂದು ವಿಧಿಸಿದರು. ಆ ಮಂಡಳಿಯಲ್ಲಿ ಅಧ್ಯಾಪಕರಲ್ಲದೆ ಆಯಾ ಕಸಬಿನವರೂ ಕುಳಿತುಕೊಳ್ಳುವರು. ಅಲ್ಲಿಯ ಪದವಿ ಅದರಿಂದ ಅಗ್ಗವಾಗಲಿಲ್ಲ.

ಕೊಡಗಿನಲ್ಲಿ ಆಗಬೇಕಾದುದು ಇಷ್ಟೇ. ಅರಣ್ಯ ಇಲಾಖೆಯೂ, ಕಾಫಿ ಮಂಡಳಿಯೂ, ಪೊನ್ನಂಪೇಟೆಯ ಮಹಾವಿದ್ಯಾಲಯವೂ ಕೂಡಿ ಒಂದು ಪರೀಕ್ಷಕ ಮಂಡಳಿಯನ್ನು ರಚಿಸಲಿ. ಅದರಲ್ಲಿ ಹಿರಿಯ ಮಾವುತನಿಗೂ ಪಳಗಿದ ಮೇಸ್ತ್ರಿಗೂ ಪರೀಕ್ಷಕರ ಪೀಠ ದೊರೆಯಲಿ. ಪರೀಕ್ಷೆಯು ಕೆಲಸದ ಸ್ಥಳದಲ್ಲಿ, ಕೆಲಸದ ಮೂಲಕ, ಅಭ್ಯರ್ಥಿಯ ಆಡುಮಾತಿನಲ್ಲಿ ನಡೆಯಲಿ. ಆ ದಿನದ ಕೂಲಿ ಕಡಿಯದಿರಲಿ. ತೇರ್ಗಡೆಯಾದವನ ಜಮೆಯನ್ನು ಶೈಕ್ಷಣಿಕ ಬ್ಯಾಂಕಿನಲ್ಲಿ ಬರೆಯಿಸಿ, ಆತನ ಸಂಬಳಕ್ಕೂ ಬಡ್ತಿಗೂ, ಓದಬೇಕೆಂದರೆ ಮುಂದಿನ ಓದಿಗೂ ಅದು ಸಲ್ಲುವಂತೆ ಆಜ್ಞೆ ಹೊರಡಲಿ. ಓದುಬರಹ ಬಾರದವರಿಗೆ ಅದನ್ನು ಕಲಿಸುವ ಏರ್ಪಾಡೂ ಜೊತೆಯಲ್ಲಿಯೇ ಆಗಲಿ.

ಇದು ಕೇವಲ ಕೆಲವರ ಸಂಬಳದ ಪ್ರಶ್ನೆಯಲ್ಲ. ತಂದೆಯ ವಿದ್ಯೆಗೆ ಎಲ್ಲಿಯೂ ಬೆಲೆಯಿಲ್ಲವೆಂಬುದನ್ನು ದಿನವೂ ಕಾಣುವ ಮಗನು ಅದನ್ನು ಕಲಿಯುವನೆ? ಕಲಿಯುವವರಿಲ್ಲದ ವಿದ್ಯೆ ಒಂದು ತಲೆಮಾರಿನಲ್ಲಿ ಅಳಿಯುವುದು. ಆ ಮೇಲೆ ಆನೆಗಳೂ ಇರುವುವು, ತೋಟಗಳೂ ಇರುವುವು. ಅವನ್ನು ಬಲ್ಲವರು ಮಾತ್ರ ಇರಲಾರರು. ಅಂಥ ದಿನ ಬಾರದಂತೆ ನೋಡಿಕೊಳ್ಳುವ ಅಧಿಕಾರವು ಯಾರ ಕೈಯಲ್ಲಿರುವುದೋ ಅವರು ತಡಮಾಡಬಾರದೆಂದು ನಮ್ಮ ಪ್ರಾರ್ಥನೆ.