ಪಾಚಿ ಮುಗಿದ ಮೇಲೆ ಬಸವನಹುಳು ಏನು ತಿನ್ನಬೇಕು?

ಕಡಲ ಬಂಡೆಗೆ ಕಚ್ಚಿಕೊಂಡು ಬದುಕುವ ಕೈಟನ್ ಎಂಬ ಮೃದ್ವಂಗಿಯ ಹಲ್ಲು ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಆ ಹಲ್ಲಿನ ತುದಿಯಲ್ಲಿರುವುದು ಮ್ಯಾಗ್ನೆಟೈಟ್ ಎಂದು ಅಮೆರಿಕದ ಕ್ಯಾಲ್ಟೆಕ್‌ನ ಹೈಂಜ್ ಲೊವೆನ್‌ಸ್ಟಾಮ್ 1962ರಲ್ಲಿ ತೋರಿಸಿದರು. ಕುದುರೆಮುಖದ ಗುಡ್ಡಗಳಿಂದ ಅಗೆದು ತೆಗೆಯುತ್ತಿದ್ದ ಅದಿರೂ ಇದೇ. ನೆಲದಾಳದ ಶಾಖ, ಒತ್ತಡಗಳಲ್ಲಷ್ಟೇ ಹುಟ್ಟುತ್ತದೆ ಎಂದುಕೊಂಡಿದ್ದ ಖನಿಜವನ್ನು ಹೆಬ್ಬೆರಳುದ್ದದ ಪ್ರಾಣಿಯೊಂದು ತಣ್ಣನೆಯ ನೀರಿನಲ್ಲಿ ಕೂತು ತಯಾರಿಸುತ್ತದೆ! ಲಿಂಪೆಟ್ ಎಂಬ ಇನ್ನೊಂದು ಮೃದ್ವಂಗಿಯ ಹಲ್ಲಿನಲ್ಲಿ ಗೋಥೈಟ್ ಎಂಬ ಕಬ್ಬಿಣದ ಖನಿಜದ ಎಳೆಗಳಿವೆ. ಅದು ಜೇಡರಬಲೆಯ ನೂಲಿಗಿಂತಲೂ ಬಲಶಾಲಿ ಎಂದು 2015ರಲ್ಲಿ ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ಹೇಳಿದರು. ಇಷ್ಟು ಗಟ್ಟಿ ಹಲ್ಲೂ ಬಂಡೆಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಮುಂದಿನ ಸಾಲು ಉದುರಿದಂತೆ ಹಿಂದಿನಿಂದ ಹೊಸ ಸಾಲು ಮುಂದಕ್ಕೆ ಬರುತ್ತದೆ, ಬದುಕಿರುವಷ್ಟು ಕಾಲವೂ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕುವ ಟರ್ಬೊ, ಟ್ರೋಕಸ್, ಅಸ್ಟ್ರೀಯಾ ಬಸವನಹುಳುಗಳ ಹಲ್ಲಿನಲ್ಲಿ ಈ ಕಬ್ಬಿಣದ ಬಲವಿಲ್ಲ, ಆದರೆ ಏರ್ಪಾಡು ಅದೇ: ನಾಲಿಗೆಯಂಥ ಪಟ್ಟಿಯ ಮೇಲೆ ಸಾಲುಸಾಲು ಹಲ್ಲು, ಸವೆದಂತೆ ಹೊಸದು. ಹಲ್ಲನ್ನೇ ಹೀಗೆ ಸವೆಸಿಕೊಳ್ಳುವ ಪ್ರಾಣಿ ಬಿಡುವಿಲ್ಲದೆ ಮೇಯಲೆಂದೇ ಹುಟ್ಟಿದ್ದು. ಮನೆಯ ಟ್ಯಾಂಕಿನಲ್ಲಿ ಅದು ಸಾಯುವುದಕ್ಕೆ ನೀರನ್ನು ದೂರುವವರೇ ಹೆಚ್ಚು. ನನ್ನ ವಾದ ಬೇರೆ: ಅವುಗಳಲ್ಲಿ ಬಹುಪಾಲು ಸಾಯುವುದು ಹಸಿವಿನಿಂದ.

ತಪ್ಪು ಶುರುವಾಗುವುದು ಲೆಕ್ಕದಲ್ಲಿ. ಗ್ಯಾಲನ್ನಿಗೊಂದು ಹುಳು ಎಂಬ ಸೂತ್ರ ಈ ಹವ್ಯಾಸದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದರಂತೆ 200 ಲೀಟರಿನ ಟ್ಯಾಂಕಿಗೆ ಐವತ್ತಕ್ಕೂ ಹೆಚ್ಚು ಹುಳು ಬೇಕು. ಆದರೆ ಪಾಚಿ ಬೆಳೆಯುವುದು ನೀರಿನ ಪ್ರಮಾಣ ನೋಡಿಕೊಂಡಲ್ಲ. ಬೆಳಕು, ಮೀನಿಗೆ ಹಾಕಿದ ಆಹಾರದಿಂದ ಬರುವ ನೈಟ್ರೇಟ್ ಮತ್ತು ಫಾಸ್ಫೇಟ್, ಕಲ್ಲುಗಳ ಮೇಲ್ಮೈ ಇವು ಅದನ್ನು ನಿರ್ಧರಿಸುತ್ತವೆ. ಹೊಸ ಟ್ಯಾಂಕಿನಲ್ಲಿ ಮೊದಲ ವಾರಗಳಲ್ಲಿ ಏಳುವ ಕಂದು ಪದರ ಐವತ್ತು ಹುಳುಗಳಿಗೂ ಹಬ್ಬವೇ. ಅದು ಇಳಿದ ಮೇಲೆ ಹತ್ತಕ್ಕೆ ಸಾಲುವಷ್ಟು ಮೇವೂ ಉಳಿಯುವುದಿಲ್ಲ. ಉದ್ದುದ್ದ ಬೆಳೆದ ಕೂದಲು ಪಾಚಿ ಕಣ್ಣಿಗೆ ಮೇವಿನಂತೆ ಕಂಡರೂ ತೆಳು ಪದರವನ್ನು ಕೆರೆಯುವ ಹಲ್ಲಿಗೆ ಅದು ಸುಲಭಕ್ಕೆ ದಕ್ಕುವುದಿಲ್ಲ. ಅದನ್ನು ಮೊದಲು ಕೈಯಿಂದಲೇ ಕಿತ್ತು ತೆಗೆಯಬೇಕು. ಕೂದಲು ಪಾಚಿಯನ್ನು ಗಬಗಬನೆ ತಿನ್ನುವ ಮೃದ್ವಂಗಿ ಸೀ ಹೇರ್‌ನ ಪಾಡು ಇನ್ನೂ ಕಷ್ಟದ್ದು. ಟ್ಯಾಂಕನ್ನೆಲ್ಲ ಚೊಕ್ಕಟ ಮಾಡಿ, ಅದೇ ಚೊಕ್ಕಟದಲ್ಲಿ ಅದು ಹಸಿದು ಸಾಯುತ್ತದೆ.

ಮೇಯುವವು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಕಡಲಿನ ಉದಾಹರಣೆ ಕೊಟ್ಟು ವಾದಿಸುವವರಿದ್ದಾರೆ, ಅವರ ಮಾತಿನಲ್ಲಿ ತೂಕವೂ ಇದೆ. ಕೆರಿಬಿಯನ್ ಸಮುದ್ರದಲ್ಲಿ 1983-84ರಲ್ಲಿ ಪಾಚಿ ಮೇಯುವ ಡಯಾಡೆಮ ಎಂಬ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳು ರೋಗ ತಗುಲಿ ಹೆಚ್ಚುಕಡಿಮೆ ನಿರ್ನಾಮವಾದವು. ಜಮೈಕಾದ ಹವಳದ ದಿಬ್ಬಗಳಲ್ಲಿ 1970ರ ದಶಕದ ಕೊನೆಗೆ ಶೇ 52ರಷ್ಟಿದ್ದ ಹವಳದ ಹೊದಿಕೆ 1990ರ ದಶಕದ ಆರಂಭಕ್ಕೆ ಶೇ 3ಕ್ಕೆ ಇಳಿಯಿತು, ಶೇ 4ರಷ್ಟಿದ್ದ ಪಾಚಿ ಶೇ 92ಕ್ಕೆ ಏರಿತು. ಅತಿಯಾದ ಮೀನುಗಾರಿಕೆ ಮತ್ತು 1980ರ ಚಂಡಮಾರುತದ ಪಾಲೂ ಅದರಲ್ಲಿತ್ತು. 2022ರಲ್ಲಿ ಮತ್ತೆ ಅಂಥದೇ ಸಾವುಗಳಾದಾಗ ಅದಕ್ಕೆ ಸಿಲಿಯೇಟ್ ಎಂಬ ಏಕಕೋಶ ಜೀವಿ ಕಾರಣವೆಂದು ಮರುವರ್ಷವೇ ಗೊತ್ತಾಯಿತು. ಮೇಯುವವರಿಲ್ಲದಿದ್ದರೆ ಹವಳವಿಲ್ಲ ಎಂಬುದನ್ನು ಇದು ನಿಜಕ್ಕೂ ಸಾರುತ್ತದೆ. ಆದರೆ ಅಲ್ಲಿನ ಅರ್ಚಿನ್ ಒಂದು ಕಡೆ ಮೇವು ತೀರಿದರೆ ಇನ್ನೊಂದು ಕಡೆಗೆ ಹೋಗಬಲ್ಲದು. ಮೂರು ಅಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೋಗುವುದೆಲ್ಲಿಗೆ? ಅಲ್ಲದೆ ಹುಳು ತಿಂದ ಪಾಚಿಯ ಸಾರ ಬಹುಪಾಲು ಹಿಕ್ಕೆಯಾಗಿ ಅದೇ ನೀರಿಗೆ ಮರಳುತ್ತದೆ. ಫಾಸ್ಫೇಟನ್ನು ಟ್ಯಾಂಕಿನಿಂದ ಹೊರಹಾಕಬೇಕಾದದ್ದು ನೀರು ಬದಲಿಸುವ ನಮ್ಮ ಕೈ.

ಮೇವು ಹಾಕಿದರೆ ಅವು ಗಾಜು ಉಜ್ಜುವುದನ್ನೇ ಬಿಟ್ಟಾವು ಎಂಬ ಅಂಜಿಕೆಯೂ ಇದೆ. ನೋರಿ ಎಂಬ ಒಣಗಿಸಿದ ಕಡಲಪಾಚಿ ಹಾಳೆಯ ಬೆರಳಗಲದ ತುಂಡೊಂದನ್ನು ಕಲ್ಲಿಗೆ ಸಿಕ್ಕಿಸಿಟ್ಟರೆ ಹುಳು ಅದನ್ನೂ ತಿನ್ನುತ್ತದೆ, ದಾರಿಯಲ್ಲಿ ಸಿಕ್ಕ ಪಾಚಿಯನ್ನೂ ತಿನ್ನುತ್ತದೆ. ಮೇಯುವುದನ್ನು ಅದು ನಿಲ್ಲಿಸುವ ಜಾತಿಯಲ್ಲ. ಅಗ್ಗದ ಹುಳು, ಸತ್ತರೆ ಇನ್ನೊಂದು ತಂದರಾಯಿತು ಎನ್ನುವವರಿಗೆ ಮಾತ್ರ ನನ್ನ ಉತ್ತರ ಖಾರವಾಗಿದೆ. ಚೆನ್ನಾಗಿ ನೋಡಿಕೊಂಡರೆ ಟ್ರೋಕಸ್ ವರ್ಷಗಟ್ಟಲೆ ಬದುಕುತ್ತದೆ, ಟ್ಯಾಂಕಿನಲ್ಲೇ ಸಂತಾನವೃದ್ಧಿಯನ್ನೂ ಮಾಡುತ್ತದೆ. ಸತ್ತ ಹುಳು ಚಿಪ್ಪಿನೊಳಗೇ ಕೊಳೆತು ಅಮೋನಿಯಾ ಬಿಡುತ್ತದೆ, ಅದು ಮತ್ತೆ ಪಾಚಿಗೇ ಗೊಬ್ಬರ.

ಹಸಿವೊಂದೇ ಕಾರಣವೆಂದು ಹೇಳಲಾರೆ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಾಕುವ ತಾಮ್ರದ ಔಷಧಿ ಈ ಜೀವಿಗಳಿಗೆ ವಿಷ. ಅವುಗಳ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ತಾಮ್ರವೇ ಆದರೂ ನೀರಿಗೆ ಬಿದ್ದ ತಾಮ್ರ ಕೊಲ್ಲುತ್ತದೆ. ಕಲ್ಲು, ಮರಳಿನಲ್ಲಿ ಸೇರಿಕೊಂಡರೆ ಬಹುಕಾಲ ಅಲ್ಲಿಂದ ಸೋರುತ್ತಲೇ ಇರುತ್ತದೆ. ನೀರಿನ ಉಪ್ಪಿನಂಶ ತಟ್ಟನೆ ಬದಲಾದರೆ ಮೈಯೊಳಗಿನ ಉಪ್ಪನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅವಕ್ಕಿಲ್ಲ. ಆದ್ದರಿಂದ ಹುಳುವನ್ನು ತಂದ ಅಂಗಡಿಯ ನೀರಿಗೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬೆರೆಸಿದ ಮೇಲೆಯೇ ಅದನ್ನು ಟ್ಯಾಂಕಿಗೆ ಬಿಡಬೇಕು. ಅಸ್ಟ್ರೀಯಾ ಮರಳಿನ ಮೇಲೆ ಮಗುಚಿ ಬಿದ್ದರೆ ತಾನಾಗಿ ಏಳಲಾರದು, ಎತ್ತಿ ನಿಲ್ಲಿಸಬೇಕು. ಮಾರ್ಗರಿಟಾ ಎಂದು ಮಾರುವ ಹುಳು ಚಳಿ ಸಮುದ್ರದ್ದು, 26 ಡಿಗ್ರಿ ನೀರಿನಲ್ಲಿ ಅದನ್ನು ಉಳಿಸುವ ಉಪಾಯವಿಲ್ಲ, ಕೊಳ್ಳಲೇಬೇಡಿ. ಹರ್ಮಿಟ್ ಏಡಿಯಿದ್ದರೆ ಖಾಲಿ ಚಿಪ್ಪು ನಾಲ್ಕಾರು ಹಾಕಿಡಿ, ಇಲ್ಲವಾದರೆ ಅದು ಹುಳುವನ್ನು ಕೊಂದು ಚಿಪ್ಪು ಪಡೆಯುವುದೂ ಉಂಟು.

ಇಷ್ಟೆಲ್ಲ ಸರಿಯಿದ್ದರೂ ಮೇವಿಲ್ಲದೆ ಬದುಕಿಲ್ಲ. ಪಾಚಿ ಕಣ್ಣಿಗೆ ಕಂಡ ಮೇಲಷ್ಟೇ ಮೂರೋ ನಾಲ್ಕೋ ಹುಳು ತನ್ನಿ, ತಿಂಗಳು ಕಾದು ನೋಡಿ. ಗಾಜಿನ ಮೇಲೆ ಹೊಸ ಪದರ ಏಳುವುದೇ ನಿಂತಿದ್ದರೆ ಅವತ್ತೇ ನೋರಿ ಹಾಕಲು ಶುರುಮಾಡಿ, ಮತ್ತೊಂದು ಹುಳು ತರಬೇಡಿ.