ಮೇಲೆ ಹಳಿ, ಕೆಳಗೆ ನೆರಳು

ಅಂಕಲಗಿ, ಗೋಕಾಕ ಕಡೆಯವರು ಘಟಪ್ರಭಾದಲ್ಲಿ ರಾತ್ರಿಯ ರೈಲು ಹತ್ತಿದರೆ ಬೆಳಗಿನ ಹೊತ್ತಿಗೆ ಬೆಂಗಳೂರಿನ ಯಶವಂತಪುರದಲ್ಲಿ ಇಳಿಯುತ್ತಾರೆ. ಅಲ್ಲಿಂದ ತುಮಕೂರು ರಸ್ತೆಗೆ ಬಂದರೆ ಸಾಲುಗಟ್ಟಿ ನಿಂತ ಕಾಂಕ್ರೀಟ್ ಕಂಬಗಳ ಮೇಲೆ ಇನ್ನೊಂದು ರೈಲು ಓಡುತ್ತಿರುತ್ತದೆ. ನೆಲದ ಮೇಲೆ ಓಡಬೇಕಾದ ರೈಲು ಆಕಾಶಕ್ಕೇಕೆ ಏರಿತು?

ಈ ಪ್ರಶ್ನೆ ಬೆಂಗಳೂರಿನದು ಮಾತ್ರವಲ್ಲ. ಮನೆ, ಅಂಗಡಿಗಳು ತುಂಬಿಕೊಂಡ ಊರಿನಲ್ಲಿ ಹಳಿಗೆ ಜಾಗ ಸಿಗುವುದು ಕಷ್ಟ. ಲಂಡನ್ನಿನಿಂದ ಗ್ರೀನಿಚ್‌ನತ್ತ 1836ರಲ್ಲಿ ಓಡಾಟ ಆರಂಭಿಸಿದ ರೈಲಿಗೆ ಇಟ್ಟಿಗೆಯ ನೂರಾರು ಕಮಾನುಗಳನ್ನು ಕಟ್ಟಬೇಕಾಯಿತು. ನ್ಯೂಯಾರ್ಕಿನಲ್ಲಿ 1868ರಲ್ಲಿ ರಸ್ತೆಯ ಮೇಲೆಯೇ ಕಬ್ಬಿಣದ ಕಂಬ ನಿಲ್ಲಿಸಿ ಹಳಿ ಹಾಸಲಾಯಿತು. ಮುಂದೆ ಅದರ ಮೇಲೆ ಉಗಿಬಂಡಿ ಓಡತೊಡಗಿದಾಗ ಕೆಳಗಿನವರಿಗೆ ಸಿಕ್ಕಿದ್ದು ಹೊಗೆ, ಸದ್ದು ಮತ್ತು ಕತ್ತಲೆ. ಮ್ಯಾನ್‌ಹಟನ್‌ನ ಥರ್ಡ್ ಅವೆನ್ಯೂ ಮಾರ್ಗ 1955ರಲ್ಲಿ ನಿಂತುಹೋಯಿತು. ಆದರೆ 1892ರಲ್ಲಿ ಆರಂಭವಾದ ಷಿಕಾಗೋದ ಮೇಲ್ರೈಲು ಇಂದಿಗೂ ಓಡುತ್ತಿದೆ.

ಭಾರತದಲ್ಲಿ ಚೆನ್ನೈ ನಗರ 1995ರಲ್ಲಿ, ದೆಹಲಿ ಮೆಟ್ರೋ 2002ರಲ್ಲಿ ಇದೇ ದಾರಿ ಹಿಡಿದವು. ಬೆಂಗಳೂರಿನಲ್ಲಿ ಇದಕ್ಕೆಂದೇ 1994ರಲ್ಲಿ ಒಂದು ಸಂಸ್ಥೆ ಹುಟ್ಟಿತಾದರೂ ಅಂದಿನ ಮೇಲ್ರೈಲಿನ ಯೋಜನೆ ಕಾಗದದಲ್ಲೇ ಉಳಿಯಿತು. 'ನಮ್ಮ ಮೆಟ್ರೋ'ಗೆ ಶಂಕುಸ್ಥಾಪನೆಯಾದದ್ದು 2006ರ ಜೂನ್ 24ರಂದು. ಮೊದಲ ರೈಲು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ ಓಡಿತು. 2017ರಲ್ಲಿ ಪೂರ್ಣಗೊಂಡ ಮೊದಲ ಹಂತದ 42 ಕಿ.ಮೀ. ಮಾರ್ಗದಲ್ಲಿ ಸುರಂಗದ ಪಾಲು 9 ಕಿ.ಮೀ.ಗಿಂತ ಕಡಿಮೆ. ಉಳಿದದ್ದು ಬಹುತೇಕ ಕಂಬಗಳ ಮೇಲಿನದು.

ಕಾರಣ ಸರಳ. ಸುರಂಗ ಕೊರೆಯುವ ಖರ್ಚು ಎತ್ತರದ ಮಾರ್ಗಕ್ಕಿಂತ ಎರಡು, ಮೂರು ಪಟ್ಟು ಹೆಚ್ಚು. ಎತ್ತರದ ಮಾರ್ಗಕ್ಕೆ ರಸ್ತೆಯ ಮಧ್ಯದ ವಿಭಜಕದಲ್ಲಿ 25-30 ಮೀಟರಿಗೊಂದು ಕಂಬ ಸಾಕು. ಬೇರೆಡೆ ಎರಕ ಹೊಯ್ದ ಕಾಂಕ್ರೀಟ್ ತುಂಡುಗಳನ್ನು ರಾತ್ರಿ ಲಾರಿಯಲ್ಲಿ ತಂದು, ಯಂತ್ರದಿಂದ ಮೇಲೆತ್ತಿ, ಒಳಗೆ ಉಕ್ಕಿನ ತಂತಿ ಪೋಣಿಸಿ ಬಿಗಿದರೆ ಕಂಬದಿಂದ ಕಂಬಕ್ಕೆ ಸೇತುವೆ ಸಿದ್ಧ.

ಆದರೆ ಉಳಿಸಿದ ಹಣದ ಒಂದು ಪಾಲನ್ನು ಕೆಳಗಿನ ಬೀದಿ ತೆರಬೇಕಾಗುತ್ತದೆ. ಎಂ.ಜಿ. ರಸ್ತೆಯ ಅಂಚಿಗಿದ್ದ ಮರ, ಹೂಬಳ್ಳಿಗಳ ನಡೆದಾರಿ ಮಾರ್ಗಕ್ಕೆ ಬಲಿಯಾಯಿತು. ಮೇಲ್ಸೇತುವೆಯ ಕೆಳಗೆ ಆಮೇಲೆ 'ರಂಗೋಲಿ' ಕಲಾಕೇಂದ್ರ ಬಂತು. ಹಳೆಯ ನೆರಳು ಬರಲಿಲ್ಲ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ವ್ಯಾಪಾರಿಗಳು ತಮ್ಮ ಬೀದಿಯಲ್ಲಿ ಮಾರ್ಗ ಬೇಡವೆಂದು ಬಹುಕಾಲ ಹೋರಾಡಿದರು. 2023ರ ಜನವರಿಯಲ್ಲಿ ನಾಗವಾರದ ಬಳಿ ಕಂಬಕ್ಕೆಂದು ಕಟ್ಟಿದ್ದ ಸರಳುಗಳ ಚೌಕಟ್ಟು ಉರುಳಿಬಿದ್ದು, ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಮಗು ಪ್ರಾಣ ಕಳೆದುಕೊಂಡರು.

ಇಷ್ಟಾದರೂ ನಗರ ಮೇಲಕ್ಕೇ ಬೆಳೆಯುತ್ತಿದೆ. ರಾಗಿಗುಡ್ಡದಿಂದ ಕೇಂದ್ರ ರೇಷ್ಮೆ ಮಂಡಳಿವರೆಗೆ ನೆಲದಲ್ಲಿ ರಸ್ತೆ, ಅದರ ಮೇಲೆ ವಾಹನಗಳ ಮೇಲ್ಸೇತುವೆ, ಅದಕ್ಕೂ ಮೇಲೆ ಹಳಿ. ಆ ಹಳದಿ ಮಾರ್ಗದಲ್ಲಿ 2025ರ ಆಗಸ್ಟ್‌ನಲ್ಲಿ ರೈಲು ಓಡತೊಡಗಿತು.

ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿ-ಧಾರವಾಡ ಬೇರೆ ದಾರಿ ಹಿಡಿಯಿತು. 2018ರಲ್ಲಿ 'ಚಿಗರಿ' ಬಸ್ಸುಗಳಿಗೆ ನೆಲದ ಮೇಲೆಯೇ ಪ್ರತ್ಯೇಕ ಪಥ ಬಿಟ್ಟುಕೊಟ್ಟಿತು. ಅಲ್ಲಿ ರಸ್ತೆಯ ಅಗಲ ಪಾಲಾಯಿತು, ಇಲ್ಲಿ ರಸ್ತೆಯ ಬಿಸಿಲು. ನಾಳೆ ಬೆಳೆಯಲಿರುವ ಊರುಗಳು ಕಲಿಯಬೇಕಾದ ಪಾಠ ಒಂದೇ: ಮೇಲೆ ಹೋಗುವವರ ಸಮಯದ ಜತೆಗೆ, ಕೆಳಗೆ ಬದುಕುವವರ ಲೆಕ್ಕವನ್ನೂ ಮೊದಲೇ ಬರೆಯಬೇಕು.